ಕಣ್ಣು ಪಂಡಿತನ ಕುರ್ಚಿ

ಚೆನ್ನಾಗಿ ಕಳಿತ ಹಣ್ಣು ಇನ್ನೇನು ಕೊಳೆಯಬೇಕು ಅನ್ನುವಾಗ ಬರುತ್ತದಲ್ಲ, ಆ ವಾಸನೆ. ಇನ್‌ಸ್ಪೆಕ್ಟರಿಗೆ ಅದು ಗೊತ್ತಿದ್ದದ್ದು ಹಣ್ಣಿನ ಬುಟ್ಟಿಯಿಂದಲ್ಲ, ಚಿಕ್ಕಮ್ಮನ ಉಸಿರಿನಿಂದ. ಇನ್‌ಸ್ಪೆಕ್ಟರ್ ಇನ್ನೂ ಪುಟ್ಟ ಹುಡುಗಿಯಾಗಿದ್ದಾಗ ಒಂದು ಸಂಜೆ ಚಿಕ್ಕಮ್ಮ ಮುತ್ತಿಡಲು ಬಾಗಿದ್ದರು. ಬಾಯಿಂದ ಹಣ್ಣಿನ ವಾಸನೆ ಬಂತು. ‘ನೀನೊಬ್ಬಳೇ ಹಣ್ಣು ತಿಂದೆ, ನಂಗೆ ಕೊಡಲಿಲ್ಲ’ ಎಂದು ಹುಡುಗಿ ರಂಪ ಮಾಡಿದಳು. ಮರುದಿನ ಚಿಕ್ಕಮ್ಮನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಸಕ್ಕರೆ ಕಾಯಿಲೆ. ಆ ಮನೆಯಲ್ಲಿ ಆಮೇಲೆ ಯಾರೂ ಕಳಿತ ಹಣ್ಣು ತರಲಿಲ್ಲ.

ಇವತ್ತು ಅದೇ ವಾಸನೆ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಸಿರು ಪರದೆ ಎಳೆದ ಕೋಣೆಯಲ್ಲಿ ತುಂಬಿತ್ತು.

ಗೋಡೆಯ ಮೇಲೆ ಬಂಡಿಯ ಗಾಲಿಯಷ್ಟು ದೊಡ್ಡ ಕಣ್ಣಿನ ಚಿತ್ರ. ಪಾಪೆಯ ಸುತ್ತಲಿನ ಬಣ್ಣದ ಉಂಗುರವನ್ನು ಗಡಿಯಾರದ ಮುಖದ ಹಾಗೆ ಭಾಗ ಮಾಡಿ, ಒಂದೊಂದರಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡ ಎಂದು ಬರೆದಿತ್ತು. ಅದರ ಕೆಳಗೆ ಕುರ್ಚಿ. ಕುರ್ಚಿಯ ಮುಂದೆ ಗಲ್ಲ ಇಡುವ ಪಟ್ಟಿ, ಅದರಾಚೆ ಕ್ಯಾಮೆರಾ. ಒಬ್ಬ ವಯಸ್ಸಾದ ಹೆಂಗಸು ಆ ಪಟ್ಟಿಯ ಮೇಲೆ ಗಲ್ಲವಿಟ್ಟ ಹಾಗೇ ಕುಸಿದಿದ್ದರು. ಕಣ್ಣು ಅರ್ಧ ತೆರೆದಿತ್ತು. ಉಸಿರು ಆಳವಾಗಿ, ಬೇಗಬೇಗ, ಏದುಸಿರಿನಂತೆ ಬರುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲೆ ಅವರ ಕಂದು ಕಣ್ಣು ಮುಖದಷ್ಟು ದೊಡ್ಡದಾಗಿ ನಿಂತಿತ್ತು.

“ಆಂಬುಲೆನ್ಸ್ ಎಲ್ರೀ?” ಇನ್‌ಸ್ಪೆಕ್ಟರ್ ಕೂಗಿದರು.

“ಮೊದಲು ನಿಮಗೆ ಫೋನ್ ಮಾಡ್ದೆ ಮೇಡಂ. ಇದು ವಿಷದ ಕೇಸು,” ಎಂದ ಆ ಕೋಣೆಯ ಒಡೆಯ. ಊರೆಲ್ಲ ಅವನನ್ನು ಕಣ್ಣು ಪಂಡಿತ ಎನ್ನುತ್ತಿತ್ತು. ಬಿಳಿ ಕೋಟು, ಮೃದು ಮಾತು.

“ಯಾರು ಹೇಳಿದ್ದು ವಿಷ ಅಂತ?”

“ಕಣ್ಣೇ ಹೇಳ್ತಿದೆ. ನೋಡಿ, ಉಂಗುರದ ಅಂಚಲ್ಲಿ ಕಪ್ಪು ಛಾಯೆ. ಯಾರೋ ಹತ್ತಿರದವರೇ ಹಾಕಿದಾರೆ.”

“ಹತ್ತಿರದವರು ಅಂತಾನೂ ಕಣ್ಣಲ್ಲಿ ಬರೆದಿದೆಯಾ?” ಎಂದು ಹಿಂದಿನಿಂದ ಹೆಡ್ ಕಾನ್‌ಸ್ಟೇಬಲ್ ಗೊಣಗಿದ. ಮೀಸೆ ನರೆತ ಮನುಷ್ಯ. ಗೊಣಗುತ್ತಲೇ ಆ ಹೆಂಗಸಿನ ತಲೆಯನ್ನು ಪಟ್ಟಿಯಿಂದ ಬಿಡಿಸಿ, ತನ್ನ ತೋಳಿನ ಮೇಲೆ ಒರಗಿಸಿಕೊಂಡ.

ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಫೋನ್ ಮಾಡಿದರು. “ಪ್ರಜ್ಞೆ ಇಲ್ಲ. ಉಸಿರಲ್ಲಿ ಹಣ್ಣಿನ ವಾಸನೆ. ಬಂದ ತಕ್ಷಣ ಸಕ್ಕರೆ ನೋಡಿ.”

ಹೊರಗೆ ಬೆಂಚಿನ ಮೇಲೆ ಆಕೆಯ ಗಂಡ ಕೂತಿದ್ದರು. ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಹಳೇ ಕಾಲದ ಶಾಯಿ ಪೆನ್ನು. ಹೆಂಡತಿಯ ಕೈಚೀಲ ತೊಡೆಯ ಮೇಲಿತ್ತು. ಅದನ್ನು ಮಗುವಿನ ಹಾಗೆ ಎರಡೂ ಕೈಯಿಂದ ಅಪ್ಪಿಕೊಂಡಿದ್ದರು.

“ಇನ್ಸುಲಿನ್ ತಗೋತಿದ್ರಾ ಮೇಷ್ಟ್ರೇ?”

“ಹೂಂ. ದಿನಾ.”

“ಯಾರು ಚುಚ್ತಾರೆ?”

ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಓಡಿಬಂದ ಮಗ ಉತ್ತರ ಕೊಟ್ಟ. “ನನ್ನ ಹೆಂಡ್ತಿ ಮೇಡಂ. ಬೆಳಿಗ್ಗೆ ಸಂಜೆ ಅವಳೇ ಚುಚ್ಚೋದು. ಮೊನ್ನೆ ತಾನೇ, ಈ ಸೂಜಿ ಸಹವಾಸ ಸಾಕಪ್ಪಾ ಅಂತಿದ್ಲು…” ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿಬಿದ್ದು ನಿಂತ.

“ನಾನು ಹೇಳಲಿಲ್ವಾ,” ಎಂದ ಕಣ್ಣು ಪಂಡಿತ, ಇನ್ನಷ್ಟು ಮೃದುವಾಗಿ.

*

ಸೊಸೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಕೌಂಟರಿನ ಮುಂದೆ ಜನ ಸಾಲಾಗಿ ನಿಂತಿದ್ದಾಗಲೇ ಪೊಲೀಸರು ಹೋಗಿ ಠಾಣೆಗೆ ಕರೆದರು. ಎದ್ದು ಬರುವ ಮುಂಚೆ ಅವಳು ಕೈಯಲ್ಲಿದ್ದ ಲಕೋಟೆಗೆ ಮೊಹರು ಒತ್ತಿ, ಎದುರಿಗಿದ್ದ ಮುದುಕನಿಗೆ ರಸೀತಿ ಕೊಟ್ಟೇ ಬಂದಳಂತೆ. ಹೆಡ್ ಕಾನ್‌ಸ್ಟೇಬಲ್ ಅದನ್ನು ಹೇಳಿದಾಗ ಇನ್‌ಸ್ಪೆಕ್ಟರಿಗೆ ‘ಎಂಥ ಗಟ್ಟಿ ಗುಂಡಿಗೆ’ ಅನ್ನಿಸಿತು. ಅನುಮಾನ ಬಂದ ಮೇಲೆ ಒಳ್ಳೆಯ ಗುಣವೂ ಕುತ್ತಿಗೆಗೆ ಬರುತ್ತದೆ.

“ಇನ್ಸುಲಿನ್ ಕೊಡೋದು ಯಾವಾಗ ನಿಲ್ಲಿಸಿದ್ರಿ?”

“ನಿಲ್ಲಿಸಿಲ್ಲ ಮೇಡಂ. ಇವತ್ತು ಬೆಳಿಗ್ಗೆ ಕೂಡ ಕೊಟ್ಟೆ.”

“ಸುಳ್ಳು. ಇನ್ಸುಲಿನ್ ಒಳಗೆ ಹೋಗಿದ್ರೆ ನಿಮ್ಮತ್ತೆ ಉಸಿರು ಹಾಗೆ ವಾಸನೆ ಬರ್ತಿರಲಿಲ್ಲ.”

“ಕೊಟ್ಟಿದೀನಿ. ಅತ್ತೆ ಸೂಜಿ ನೋಡಲ್ಲ, ಮುಖ ಆ ಕಡೆ ತಿರುಗಿಸ್ಕೊಂಡು ನನ್ನ ಸೆರಗು ಹಿಡ್ಕೋತಾರೆ. ಇವತ್ತೂ ಹಿಡ್ಕೊಂಡಿದ್ರು.”

“ಸೂಜಿ ಸಾಕು ಅಂದಿದ್ದು?”

“ಅಂದೆ. ಹೊಸ ಬಾಟಲಿ ತೆಗೆದಾಗಿಂದ ಅತ್ತೆಗೆ ವಿಪರೀತ ಬಾಯಾರಿಕೆ. ಬಚ್ಚಲಿಗೆ ಓಡೋದೇ ಓಡೋದು. ಸೂಜಿ ಹಾಕಿದ್ರೂ ಗುಣ ಇಲ್ಲ, ಈ ಸೂಜಿ ಸಾಕು, ಡಾಕ್ಟ್ರಿಗೆ ತೋರಿಸೋಣ ಅಂದೆ. ಮಾವ ಬೈದ್ರು. ಮೈಯಲ್ಲಿರೋ ಕಲ್ಮಷ ಹೋಗ್ತಿದೆ ಅಂತ ಪಂಡಿತರು ಹೇಳಿದಾರೆ, ನಿನಗೇನು ಗೊತ್ತು ಅಂದ್ರು.”

“ಮನೇಲಿ ಸಕ್ಕರೆ ನೋಡೋ ಮೀಟರ್ ಇಲ್ವಾ?”

“ಇದೆ. ಬ್ಯಾಟರಿ ಹೋಗಿದೆಯಂತೆ. ತರ್ತೀನಿ ತರ್ತೀನಿ ಅಂತ ಮಾವ ದಿನಾ ಮರೆತು ಬರ್ತಿದ್ರು. ನಾನೇ ತರಬೇಕಿತ್ತು. ದೊಡ್ಡವರ ಮಾತು ಮೀರೋದು ಬೇಡ ಅಂತ ಸುಮ್ನಾದೆ.” ಅವಳು ತಲೆ ತಗ್ಗಿಸಿದಳು. “ನನ್ನ ತಪ್ಪು ಅಂದ್ರೆ ಅದೇ.”

ಇನ್‌ಸ್ಪೆಕ್ಟರ್ ನಂಬಲಿಲ್ಲ. ವಾಸನೆ ತಾನು ಹಿಡಿದದ್ದು, ವಿಷವಲ್ಲ ಎಂದು ಮೊದಲು ಹೇಳಿದ್ದು ತಾನು ಎಂಬ ಸಣ್ಣ ಹೆಮ್ಮೆ ಒಳಗೆ ಕೂತಿತ್ತು. ಆ ಹೆಮ್ಮೆ ಅವರ ಕೈಹಿಡಿದು ನೇರವಾಗಿ ಈ ಹೆಣ್ಣುಮಗಳ ಬಳಿಗೆ ತಂದು ಬಿಟ್ಟಿತ್ತು. “ಹೊರಗೆ ಬೆಂಚ್ ಮೇಲೆ ಕೂತಿರಿ,” ಎಂದರು.

ಬೆಂಚು ಬೀದಿಗೆ ಕಾಣುವಂತಿತ್ತು. ಹೋಗುವವರು ಬರುವವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಯಾರನ್ನೂ ಕೇಳದೆ ತನ್ನ ಸೈಕಲ್ ತಂದು ಬೆಂಚಿನ ಮುಂದೆ ನಿಲ್ಲಿಸಿ, ಅದರ ಮೇಲೆ ಮಳೆಯಂಗಿ ಹರಡಿದ. ಒಣಗಲಿ ಎಂಬಂತೆ. ಆ ಮಳೆಯಂಗಿ ಒದ್ದೆಯೇ ಇರಲಿಲ್ಲ.

*

ಡಾಕ್ಟರಮ್ಮ ವಾರ್ಡಿನ ಬಾಗಿಲಲ್ಲೇ ಸಿಕ್ಕರು.

“ವಿಷ ಇಲ್ಲ. ಸಕ್ಕರೆ ಮಿತಿಮೀರಿ ಏರಿದೆ, ರಕ್ತ ಹುಳಿಯಾಗಿದೆ. ಎಷ್ಟೋ ದಿನದಿಂದ ಇನ್ಸುಲಿನ್ ಹೋದ ಹಾಗೆ ಕಾಣ್ತಿಲ್ಲ. ವಾಸನೆ ವಿಷಯ ನೀವು ಮೊದಲೇ ಹೇಳಿದ್ದು ಒಳ್ಳೇದಾಯ್ತು.”

“ಉಳೀತಾರಾ?”

“ನಾಳೆ ಹೇಳ್ತೀನಿ.”

ಇನ್‌ಸ್ಪೆಕ್ಟರ್ ಹೊರಟವರನ್ನು ತಡೆದರು. “ಕಣ್ಣು ನೋಡಿ ಕಾಯಿಲೆ ಹೇಳೋದು ನಿಜಾನಾ ಡಾಕ್ಟ್ರೇ? ಅವನು ಅಷ್ಟು ಧೈರ್ಯವಾಗಿ ಹೇಳ್ತಾನೆ…”

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. “ಕಣ್ಣಿನ ಹಿಂದಿನ ಪರದೆ ನೋಡಿದ್ರೆ ಸಕ್ಕರೆ ಕಾಯಿಲೆ ಮಾಡಿರೋ ಹಾನಿ ನಮಗೂ ಕಾಣುತ್ತೆ. ಅದು ನಿಜ. ಆ ನಿಜದ ಬೆನ್ನ ಹಿಂದೆ ಇವರು ಅಡಗ್ಕೋತಾರೆ. ಇವರು ನೋಡೋದು ಮುಂದಿನ ಬಣ್ಣದ ಉಂಗುರ. ಇನ್ಸುಲಿನ್ ಮಾಡೋ ಮೇದೋಜೀರಕ ಕೆಟ್ಟರೆ ಅಲ್ಲಿ ಚುಕ್ಕೆ ಬೀಳಲ್ಲ, ವಾಸಿಯಾದ್ರೆ ಅಳಿಸಿ ಹೋಗಲ್ಲ. ರೋಗಿಗಳನ್ನೂ ಗಟ್ಟಿಮುಟ್ಟಾದವರನ್ನೂ ಬೆರೆಸಿ ಕೂರಿಸಿ ಪರೀಕ್ಷೆ ಮಾಡಿದ್ದಾರೆ. ಇಂಥವರು ಹೇಳಿದ್ದು ಕಣ್ಣುಮುಚ್ಚಿ ಊಹೆ ಮಾಡಿದ್ದಕ್ಕಿಂತ ಮೇಲಾಗಿರಲಿಲ್ಲ.”

ಒಳಗೆ ನರ್ಸ್ ಒಬ್ಬಳು ಆ ಹೆಂಗಸಿನ ಬಿಚ್ಚಿದ ಜಡೆಯನ್ನು ನಿಧಾನವಾಗಿ ಹೆಣೆಯುತ್ತಿದ್ದಳು. ಮೇಷ್ಟ್ರು ಕಿಟಕಿಯ ಹತ್ತಿರ ನಿಂತು ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುತ್ತಿದ್ದರು. ನರ್ಸ್ ಕೊಟ್ಟ ಬಾಲ್ ಪೆನ್ನನ್ನು ಪಕ್ಕಕ್ಕಿಟ್ಟು, ತಮ್ಮ ಶಾಯಿ ಪೆನ್ನಿನಲ್ಲೇ. ಒತ್ತಿ ಬರೆದಲ್ಲಿ ನೀಲಿ ಶಾಯಿ ಕಾಗದದ ಮೇಲೆ ಹರಡಿತು.

*

ಮೇಷ್ಟ್ರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಬಾಟಲಿ ನೆಟ್ಟಗೆ ನಿಂತಿತ್ತು. ಅರ್ಧ ಖಾಲಿ. ಸೊಸೆ ಕೊಟ್ಟಿದ್ದರೆ ಎಷ್ಟು ಇಳಿಯಬೇಕೋ ಅಷ್ಟು ಇಳಿದಿತ್ತು.

ಇನ್‌ಸ್ಪೆಕ್ಟರ್ ಹೊಸ ಸಿರಿಂಜಿನಲ್ಲಿ ಒಂದು ತೊಟ್ಟು ಎಳೆದು ಹತ್ತಿಯ ಮೇಲೆ ಬಿಟ್ಟು ಮೂಗಿಗೆ ಹಿಡಿದರು.

“ಏನು ಮೇಡಂ?” ಎಂದ ಹೆಡ್ ಕಾನ್‌ಸ್ಟೇಬಲ್.

“ಏನೂ ಇಲ್ಲ. ಅದೇ ವಿಚಿತ್ರ.”

ಚಿಕ್ಕಮ್ಮ ಆಸ್ಪತ್ರೆಯಿಂದ ಬದುಕಿ ಬಂದ ಮೇಲೆ ದಿನಾ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ಹತ್ತಿ ಹಿಡಿದು ನಿಲ್ಲುವ ಕೆಲಸ ಆ ಪುಟ್ಟ ಹುಡುಗಿಯದು. ಇನ್ಸುಲಿನ್ನಿಗೆ ಅದರದೇ ಒಂದು ವಾಸನೆ. ಗಾಯಕ್ಕೆ ಅಂಟಿಸುವ ಪಟ್ಟಿಯದು, ಫಿನಾಯಿಲಿನ ದೂರದ ನೆಂಟನ ಹಾಗೆ. ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಲ್ಲ. ಈ ಹತ್ತಿಗೆ ಯಾವ ವಾಸನೆಯೂ ಇರಲಿಲ್ಲ. ಪಕ್ಕದಲ್ಲಿದ್ದ, ಇನ್ನೂ ಸೀಲ್ ಒಡೆಯದ ಬಾಟಲಿಯಿಂದ ತೊಟ್ಟು ತೆಗೆದರು. ಘಮ್ಮೆಂದಿತು.

ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟರು.

“ಬಾಟಲಿಯಲ್ಲಿ ಇರೋದು ನೀರು ಕಣಯ್ಯಾ. ಆ ಹುಡುಗಿ ದಿನಾ ಚುಚ್ಚಿದ್ದು ನೀರು.”

“ಅವಳೇ ತುಂಬಿಸಿರಬಹುದಲ್ಲಾ ಮೇಡಂ?”

“ಯಾಕೆ ತುಂಬಿಸ್ತಾಳೆ? ಸೂಜಿ ಅವಳ ಕೈಲೇ ಇತ್ತು. ಅತ್ತೆ ಮುಖ ತಿರುಗಿಸ್ಕೋತಾರೆ. ಕೊಡಬಾರದು ಅಂದ್ಕೊಂಡಿದ್ರೆ ಚುಚ್ಚಿದ ಹಾಗೆ ಮಾಡಿ ಔಷಧಿ ಚೆಲ್ಲಿದ್ರೆ ಸಾಕಿತ್ತು. ಬಾಟಲಿ ಬದಲಿಸಬೇಕಾಗಿದ್ದು ಸೂಜಿ ಕೈಯಲ್ಲಿ ಇಲ್ಲದವರಿಗೆ.” ಅವರು ಹತ್ತಿಯನ್ನು ಕವರಿಗೆ ಹಾಕಿದರು. “ಇಷ್ಟು ನಂಗೆ ಬೆಳಿಗ್ಗೆನೇ ಹೊಳೀಬೇಕಿತ್ತು. ಬೀದಿಗೆ ಕಾಣೋ ಹಾಗೆ ಕೂರಿಸ್ಬಿಟ್ಟೆ.”

ಹೆಡ್ ಕಾನ್‌ಸ್ಟೇಬಲ್ ಹೊರಗೆ ಹೋದ. ಠಾಣೆಗೆ ಫೋನ್ ಮಾಡಿ, “ಆಯಮ್ಮನ್ನ ಆಸ್ಪತ್ರೆಗೆ ಅತ್ತೆ ಹತ್ರ ಬಿಟ್ಟು ಬನ್ನಿ, ಜೀಪಲ್ಲಿ ಮುಂದಿನ ಸೀಟಲ್ಲಿ ಕೂರಿಸಿ,” ಎಂದಷ್ಟೇ ಹೇಳಿದ.

*

ಕಣ್ಣು ಪಂಡಿತ ಕಂಪ್ಯೂಟರಿನಲ್ಲಿದ್ದ ಚಿತ್ರಗಳನ್ನು ತೋರಿಸಲು ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದ. ಕೋಟಿನ ತೋಳು ಮೇಲೆ ಸರಿದಾಗ ಮೊಣಕೈಯ ಒಳಭಾಗದಲ್ಲಿ ಗುಂಡನೆಯ ಸಣ್ಣ ಪಟ್ಟಿ ಕಂಡಿತು.

“ರಕ್ತ ಪರೀಕ್ಷೆ ಮಾಡಿಸಿದ್ರಾ ಪಂಡಿತರೇ?” ಹೆಡ್ ಕಾನ್‌ಸ್ಟೇಬಲ್ ಕೇಳಿದ.

“ಸುಮ್ನೆ… ವರ್ಷಕ್ಕೊಂದ್ಸಲ.”

“ಕನ್ನಡಿ ಮುಂದೆ ನಿಂತು ಕಣ್ಣು ನೋಡ್ಕೊಂಡಿದ್ರೆ ಆಗ್ತಿರಲಿಲ್ವಾ?”

“ಕನ್ನಡಿಯಲ್ಲಿ ಎಡ ಬಲ ಅದಲು ಬದಲಾಗುತ್ತೆ,” ಎಂದ ಪಂಡಿತ. ಹೇಳಿದ ಮೇಲೆ ಕಿವಿ ಕೆಂಪಾಯಿತು.

ಪರದೆಯ ಮೇಲೆ ಮೇಷ್ಟ್ರ ಹೆಂಡತಿಯ ಕಣ್ಣಿನ ಎರಡು ಚಿತ್ರ. ಒಂದು ಚಿಕಿತ್ಸೆಗೆ ಮುಂಚೆ, ಇನ್ನೊಂದು ತಿಂಗಳುಗಳ ನಂತರ. ಮೊದಲನೆಯದರಲ್ಲಿ ಉಂಗುರದ ಒಂದು ಕಡೆ ಕಪ್ಪು ಮಚ್ಚೆ. ಎರಡನೆಯದರಲ್ಲಿ ಮಚ್ಚೆ ಮಾಯ.

“ಮೇದೋಜೀರಕ ಗುಣವಾಯ್ತು. ಮೇಷ್ಟ್ರು ಇದನ್ನ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಇನ್ಸುಲಿನ್ ಬಿಡಿ ಅಂತ ನಾನು ಯಾವತ್ತೂ ಬರೆದು ಕೊಟ್ಟಿಲ್ಲ.”

“ಬಾಯಲ್ಲಿ ಹೇಳಿದ್ರಾ?”

ಪಂಡಿತ ಪರದೆಯ ಧೂಳು ಒರೆಸತೊಡಗಿದ.

ಇನ್‌ಸ್ಪೆಕ್ಟರ್ ಉಂಗುರವನ್ನು ನೋಡುತ್ತಿರಲಿಲ್ಲ. ಅದರಾಚೆಯ ಬಿಳಿಯನ್ನು ನೋಡುತ್ತಿದ್ದರು. ಮೂಗಿನ ಕಡೆಯ ಮೂಲೆಯಲ್ಲಿ ರಕ್ತನಾಳ ಒಡೆದ ಪುಟ್ಟ ಕೆಂಪು ಕಲೆ. ಎರಡನೆಯ ಚಿತ್ರದಲ್ಲೂ ಅದೇ ಮೂಲೆ, ಅದೇ ಆಕಾರ, ಅದೇ ಕೆಂಪು. ಆಸ್ಪತ್ರೆಯಲ್ಲಿದ್ದ ಸೊಸೆಗೆ ಫೋನ್ ಹೋಯಿತು.

“ಹೌದು ಮೇಡಂ, ಮೊದಲ ಸಲ ಅಲ್ಲಿಗೆ ಹೋದಾಗ ಅತ್ತೆಗೆ ಕೆಮ್ಮು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿತ್ತು. ಸ್ವಲ್ಪ ದಿನಕ್ಕೇ ಹೋಯ್ತು. ಆಮೇಲೆ ಬರಲಿಲ್ಲ.”

ಇನ್‌ಸ್ಪೆಕ್ಟರ್ ಫೋನ್ ಇಟ್ಟರು. “ಪಂಡಿತರೇ, ತಿಂಗಳುಗಟ್ಟಲೆ ಆದ್ಮೇಲೂ ಈ ಕಲೆ ಕೂದಲೆಳೆಯಷ್ಟೂ ಬದಲಾಗಿಲ್ಲ. ಮೊದಲನೇ ಚಿತ್ರದಲ್ಲೇ ಮಚ್ಚೆ ಒರೆಸಿ ಎರಡನೇದು ಅಂತ ತೋರಿಸಿದೀರಿ. ಬಣ್ಣದ ಉಂಗುರ ತಿದ್ದಿದ್ರಿ, ಬಿಳಿ ಭಾಗ ಮರೆತ್ರಿ.”

ಪಂಡಿತ ಕುರ್ಚಿಯಲ್ಲಿ ಕುಸಿದ. ಗಲ್ಲ ಇಡುವ ಪಟ್ಟಿ ಎದುರಿಗೇ ಇತ್ತು. “ಜನಕ್ಕೆ ಧೈರ್ಯ ಬೇಕು ಮೇಡಂ,” ಎಂದ ಮೆತ್ತಗೆ. “ನಾನು ಧೈರ್ಯ ಕೊಡ್ತಿದ್ದೆ.”

ಮೇಜಿನ ಮೇಲೆ ಅವನ ದೊಡ್ಡ ಭೂತಗನ್ನಡಿ ಬಿದ್ದಿತ್ತು. ಇನ್‌ಸ್ಪೆಕ್ಟರ್ ಅದನ್ನೆತ್ತಿಕೊಂಡು, ಚೀಲದಿಂದ ಇನ್ಸುಲಿನ್ ಬಾಟಲಿ ತೆಗೆದು, ಅದರ ರಬ್ಬರ್ ಮುಚ್ಚಳಕ್ಕೆ ಹಿಡಿದರು. ಬೂದು ಬಣ್ಣದ ಗುಂಡು ರಬ್ಬರ್, ಭೂತಗನ್ನಡಿಯ ಕೆಳಗೆ ಒಂದು ಕಣ್ಣಿನ ಹಾಗೇ ಕಂಡಿತು. ಅದರ ತುಂಬ ಸೊಸೆಯ ಸೂಜಿ ಮಾಡಿದ, ಕಂಡೂ ಕಾಣದ ಚುಕ್ಕೆಗಳು. ನಡುವೆ ಒಂದೇ ಒಂದು ದಪ್ಪ ತೂತು. ಆ ತೂತಿನ ಅಂಚಿನಲ್ಲಿ ನವಿರಾದ ನೀಲಿ.

ಆ ಕನ್ನಡಿ ಆ ಕೋಣೆಯಲ್ಲಿ ನಿಜ ಹೇಳಿದ್ದು ಬಹುಶಃ ಅದೇ ಮೊದಲು.

*

ಮೇಷ್ಟ್ರು ಮನೆಗೆ ಬಂದಿದ್ದರು, ಹೆಂಡತಿಗೆ ಬೇರೆ ಸೀರೆ ಒಯ್ಯಲು. ಮಗ ಜೊತೆಗಿದ್ದ. ಇನ್‌ಸ್ಪೆಕ್ಟರ್ ಅವರನ್ನು ನಿಲ್ಲಿಸಲಿಲ್ಲ, ಕೂರಿಸಿದರು.

“ನಿಮ್ಮ ಪೆನ್ನಿಗೆ ಶಾಯಿ ಹೇಗೆ ತುಂಬ್ತೀರಿ ಮೇಷ್ಟ್ರೇ?”

ಮಗನೇ ಹೇಳಿದ, “ಸಿರಿಂಜಲ್ಲಿ. ಅಪ್ಪ ಯಾವುದನ್ನೂ ಬಿಸಾಕಲ್ಲ. ಪೆನ್ನೊಳಗಿನ ಖಾಲಿ ಕೊಳವೆಗೇ ಮತ್ತೆ ಶಾಯಿ ತುಂಬ್ತಾರೆ… ಯಾಕೆ ಮೇಡಂ?”

ಮೇಷ್ಟ್ರು ಎದ್ದು, ಬರೆಯುವ ಮೇಜಿನ ಸೆಳೆಖಾನೆಯಿಂದ ಪೆನ್ನಿನ ಡಬ್ಬಿ ತಂದು ತಾವೇ ತೆರೆದರು. ಒಳಗೆ ದಪ್ಪ ಸೂಜಿಯ ಸಿರಿಂಜು. ಪಕ್ಕದಲ್ಲಿ ಬಿಲ್ಲೆಯಂಥ ಪುಟ್ಟ ಬ್ಯಾಟರಿ. ಸಕ್ಕರೆ ಮೀಟರಿನದು.

“ಕುದಿಯೋ ನೀರಲ್ಲಿ ತೊಳೆದಿದ್ದೆ,” ಎಂದರು. “ಶಾಯಿ ಹೋಗಿರಬೇಕು ಅಂದ್ಕೊಂಡೆ.”

“ಅಪ್ಪಾ!” ಮಗ ಎದ್ದು ನಿಂತ.

“ಬಾಟಲಿ ಒಳಗಿರೋದೆಲ್ಲ ಎಳೆದು ಚೆಲ್ಲಿ, ಉಪ್ಪುನೀರು ಕುದಿಸಿ ಆರಿಸಿ ತುಂಬಿದೆ. ಅವಳು ದಿನಾ ಆ ಸೂಜಿಗೆ ಹೆದರಿ ನಡುಗ್ತಾಳೆ. ಗುಣವಾಗಿದೆ, ಬಿಡು ಅಂದ್ರೆ, ಡಾಕ್ಟ್ರು ಹೇಳೋವರೆಗೂ ಬಿಡಲ್ಲ ಅಂತಾಳೆ. ಸ್ವಲ್ಪ ದಿನ ನೀರು ಹೋಗಲಿ, ಆಮೇಲೆ ಬ್ಯಾಟರಿ ಹಾಕಿ ಸಕ್ಕರೆ ನೋಡಿ, ‘ನೋಡೇ, ಔಷಧಿ ಇಲ್ಲದೇನೇ ಚೆನ್ನಾಗಿದೀಯಾ’ ಅಂತ ತೋರಿಸ್ಬೇಕು ಅಂದ್ಕೊಂಡಿದ್ದೆ. ಪ್ರಯೋಗ. ಮಧ್ಯದಲ್ಲಿ ಅಳತೆ ಮಾಡಿದ್ರೆ ಭಯ ಶುರುವಾಗುತ್ತೆ, ಬೇಡ ಅಂದಿದ್ದ ಆ ಪಂಡಿತ.”

“ಬಾಯಾರಿಕೆ ಆಗ್ತಿತ್ತಲ್ಲ ಮೇಷ್ಟ್ರೇ. ನೀವು ರಸಾಯನಶಾಸ್ತ್ರ ಓದಿದವರು.”

“ಒಂದಿನ ಅನುಮಾನ ಬಂತು. ಚಿತ್ರ ನೆನಪಿಗೆ ಬಂತು. ಮಚ್ಚೆ ಹೋಗಿತ್ತಲ್ಲ.”

ಇನ್‌ಸ್ಪೆಕ್ಟರ್ ಮುದ್ರಿಸಿ ತಂದಿದ್ದ ಎರಡೂ ಚಿತ್ರಗಳನ್ನು ಮೇಜಿನ ಮೇಲಿಟ್ಟು, ಕೆಂಪು ಕಲೆಯ ಮೇಲೆ ಬೆರಳಿಟ್ಟರು. ಮೇಷ್ಟ್ರು ಒಂದನ್ನು ನೋಡಿದರು. ಇನ್ನೊಂದನ್ನು ನೋಡಿದರು. ಮತ್ತೆ ಮೊದಲನೆಯದನ್ನು. ಅರ್ಥವಾದ ಗಳಿಗೆ ಮುಖದಲ್ಲಿ ಕಂಡಿತು.

“ಪರೀಕ್ಷಾ ನಳಿಕೆ ಕೈಗೆ ಕೊಟ್ಟು, ಮೊದಲು ಕಂಡದ್ದು ಹೇಳಿ, ಅಂದ್ಕೊಂಡದ್ದು ಆಮೇಲೆ ಅಂತ ಹುಡುಗರಿಗೆ ಬೈತಿದ್ದೆ,” ಎಂದರು ಕೊನೆಗೆ.

“ಮೋಸ ಹೋದದ್ದು ಬೇರೆ ಮಾತು ಮೇಷ್ಟ್ರೇ. ಯಾರೂ ಹೋಗಬಹುದು. ಬೆಳಿಗ್ಗೆ ನಿಮ್ಮ ಮಗ ಹೆಂಡ್ತಿ ಕಡೆ ಕೈ ತೋರಿಸ್ದಾಗ ನೀವು ಪಕ್ಕದಲ್ಲೇ ಇದ್ರಿ. ಬಾಟಲಿಯಲ್ಲಿ ಏನಿದೆ ಅಂತ ಗೊತ್ತಿದ್ದದ್ದು ನಿಮಗೊಬ್ಬರಿಗೇ.”

ಮೇಷ್ಟ್ರು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡರು. “ಹೇಳೋಕೆ ಬಾಯಿ ತೆರೆದೆ. ನಾಚಿಕೆ ಆಯ್ತು. ಜನ ಏನಂತಾರೆ, ಮೇಷ್ಟ್ರು ಇಂಥದ್ದನ್ನ ನಂಬಿದ್ರು ಅಂತಾರೆ ಅಂತ. ಅವಳು ಕೊಲೆಗಾತಿ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ನಾನು ದಡ್ಡ ಅನ್ನಿಸ್ಕೋಬಾರದು ಅಂತ… ಅಷ್ಟು ಸ್ಪಷ್ಟವಾಗಿ ಯೋಚನೆ ಮಾಡಲಿಲ್ಲ. ಆದ್ರೆ ಅರ್ಥ ಅದೇ ತಾನೇ?”

ಮಗ ಗೋಡೆಗೆ ಮುಖ ಮಾಡಿ ನಿಂತಿದ್ದ. ಇನ್‌ಸ್ಪೆಕ್ಟರ್ ಕೂಡ ನೆಲ ನೋಡುತ್ತಿದ್ದರು. ಆ ಕೋಣೆಯಲ್ಲಿ ತಲೆ ಎತ್ತುವ ಯೋಗ್ಯತೆ ಸದ್ಯಕ್ಕೆ ಯಾರಿಗೂ ಇರಲಿಲ್ಲ.

*

ಮರುದಿನ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಕಣ್ಣು ತೆರೆದು ನೀರು ಕೇಳಿದರು. ಪಕ್ಕದಲ್ಲಿದ್ದ ಸೊಸೆಯ ಸೆರಗು ಅವರ ಮುಷ್ಟಿಯಲ್ಲಿತ್ತು.

ಇನ್‌ಸ್ಪೆಕ್ಟರ್ ಅಂಚೆ ಕಚೇರಿಗೆ ಹೋದರು. ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ, ನಿನ್ನೆ ಇಲ್ಲಿಂದ ಕರೆದುಕೊಂಡು ಹೋದ ಹೆಣ್ಣುಮಗಳದು ಏನೂ ತಪ್ಪಿಲ್ಲ, ತಪ್ಪು ತಿಳಿದದ್ದು ತಾನು ಎಂದರು. ಕೆಲವರು ಕೇಳಿಸಿಕೊಂಡರು, ಕೆಲವರು ಸ್ಟಾಂಪ್ ಅಂಟಿಸುತ್ತಲೇ ಇದ್ದರು. ಒಂದು ಮಾತು ಹೊರಡುವಷ್ಟು ಸುಲಭವಾಗಿ ಮರಳುವುದಿಲ್ಲವೆಂದು ಅವರಿಗೆ ಗೊತ್ತಾಯಿತು.

ಮಧ್ಯಾಹ್ನ ಠಾಣೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಸ್ವಲ್ಪ ಹಿಂದೆ ಅವಳ ಗಂಡ. ಹತ್ತಿರ ಬರಲು ಅಪ್ಪಣೆ ಇಲ್ಲವೇನೋ ಎಂಬಂತೆ ಬಾಗಿಲ ಹೊರಗೇ ಉಳಿದಿದ್ದ.

“ನಿಮ್ಮ ಹತ್ರ ಕ್ಷಮೆ ಕೇಳ್ಬೇಕಮ್ಮಾ,” ಎಂದರು ಇನ್‌ಸ್ಪೆಕ್ಟರ್, ಎದ್ದು ನಿಂತು.

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಆಯಿತು ಅನ್ನಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. “ಒಳಗೆ ಹೋಗಬಹುದಾ?” ಎಂದು ಕೇಳಿದಳು.

ಲಾಕಪ್ಪಿನ ಒಂದು ಕೋಣೆಯಲ್ಲಿ ಕಣ್ಣು ಪಂಡಿತ ಗೋಡೆಯ ಕಡೆ ತಿರುಗಿ ಮಲಗಿದ್ದ. ಇನ್ನೊಂದರಲ್ಲಿ ಮೇಷ್ಟ್ರು. ಹೆಜ್ಜೆ ಸಪ್ಪಳ ಕೇಳಿ ತಲೆ ಎತ್ತಿದರು. ಬಂದವಳು ಯಾರೆಂದು ಕಂಡ ಕೂಡಲೇ ತಲೆ ಎದೆಗಿಳಿಯಿತು.

“ಅತ್ತೆ ಮಾತಾಡಿದ್ರು,” ಎಂದಳು ಅವಳು. “ನಿಮ್ಮನ್ನ ಕೇಳಿದ್ರು. ನಾನು ಅವರಿಗೆ ಇನ್ನೂ ಏನೂ ಹೇಳಿಲ್ಲ.”

ಮೇಷ್ಟ್ರ ಭುಜ ಅಲುಗಾಡಿತು.

ಅವಳು ಚೀಲದಿಂದ ಊಟದ ಡಬ್ಬಿ ತೆಗೆದಳು. ಇನ್ನೂ ಬಿಸಿ ಇತ್ತು. ಸೆರಗಿನ ತುದಿಯಿಂದ ಹಿಡಿದುಕೊಂಡಿದ್ದಳು. ಹೆಡ್ ಕಾನ್‌ಸ್ಟೇಬಲ್ ಸದ್ದಾಗದಂತೆ ಬೀಗ ತೆಗೆದು, ಗೋಡೆಯ ಕಡೆ ನೋಡುತ್ತಾ ನಿಂತ.

“ಉಪ್ಪು ಕಮ್ಮಿ ಹಾಕಿದೀನಿ ಮಾವ. ನಿಮಗೆ ಬೀಪಿ ಇದೆಯಲ್ಲ,” ಎಂದು ಅವಳು ಡಬ್ಬಿಯನ್ನು ಅವರ ಕೈಗಿಟ್ಟಳು.